ಶ್ರೀ ಮಲೆ ಮಹದೇಶ್ವರ ಪ್ರಸನ್ನ ಡಾಟ್ ಡಾಕ್

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಗೌರಿಯ ಲಗ್ನಪತ್ರಿಕೆಯ ಫೈಲ್ ತೆರೆದೆ. ಮೊದಲ ಸಾಲು ಸರಿಯಾಗಿಯೇ ಇತ್ತು: ‘ಶ್ರೀ ಮಲೆ ಮಹದೇಶ್ವರ ಪ್ರಸನ್ನ’. ಎರಡನೆಯ ಸಾಲು ಹೀಗಿತ್ತು: ‘ನಮ್ಮ ಬೀದಿಯ ನಲ್ಲಿಯಲ್ಲಿ ಬಹಳ ದಿನಗಳಿಂದ ನೀರು ಬಾರದೆ ನಿವಾಸಿಗಳಿಗೆ ತೀವ್ರ ತೊಂದರೆಯಾಗಿದ್ದು...’

ನನ್ನ ಹಿಂದೆ ನಿಂತಿದ್ದ ಮದುವಣಗಿತ್ತಿ ಬಗ್ಗಿ ನೋಡಿದಳು.

“ಅಕ್ಕ, ಇದ್ಯಾರ್ ಮದ್ವೆ?” ಅಂದಳು.

ಗೌರಿ ನಮ್ಮ ಯಜಮಾನರ ಸೋದರಮಾವನ ಮಗಳು. ಊರು ಧನಗೆರೆ. ಹುಡುಗ ಯಳಂದೂರಿನವನು. ಮುಂದಿನ ತಿಂಗಳು ಮದುವೆ. ಲಗ್ನಪತ್ರಿಕೆಯನ್ನು ಫ್ಲಾಪಿಗೆ ಹಾಕಿಸಿಕೊಂಡು ಪ್ರೆಸ್ಸಿಗೆ ಕೊಟ್ಟು ಹೋಗೋಣ ಅಂತ ಅಪ್ಪ ಮಗಳು ಇಬ್ಬರೂ ಕೊಳ್ಳೇಗಾಲಕ್ಕೆ ಬಂದಿದ್ದರು. ಅಪ್ಪ ಅಂದರೆ ಚಿಕ್ಕಮಾದಪ್ಪ, ನಮಗೆಲ್ಲ ಚಿಕ್ಕಮಾವ. ಅವರು ಕುರ್ಚಿಯ ತುದಿಯಲ್ಲಿ ಕೂತು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ ಸ್ಕ್ರೀನ್ ನೋಡಿದರು.

“ವರನ ಎಸ್ರು ಎಲ್ಲದವ್ವ?” ಅಂದರು.

ವರನೂ ಇರಲಿಲ್ಲ, ವಧುವೂ ಇರಲಿಲ್ಲ. ಇದ್ದದ್ದು ನಲ್ಲಿ.

ಇಂಥ ಕೆಲಸ ಯಾರದು ಅಂತ ಹುಡುಕಲು ನನಗೆ ಪೊಲೀಸರು ಬೇಕಾಗಿಲ್ಲ. ನಮ್ಮ ಯಜಮಾನರನ್ನು ಕರೆದೆ. ಅವರು ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು ಪೇಪರಿನ ಈ ನನ್ನ ಅಂಕಣಕ್ಕೆ. ಅಂದರೆ ಹಾಗಂತ ನಾನು ತಿಳಿದುಕೊಂಡಿದ್ದೆ. ಬಂದ ವಾರದಲ್ಲೇ ಅದು ಇಡೀ ಬಳಗದ ಆಸ್ತಿಯಾಯಿತು. ಗೃಹಪ್ರವೇಶದ ಕರೆಯೋಲೆ, ಸಂಘದ ಠರಾವು, ತಿಥಿ ಕಾರ್ಡು, ಹಸು ಕಳೆದಿದೆ ಅನ್ನುವ ಪ್ರಕಟಣೆ, ಎಲ್ಲವೂ ನಮ್ಮ ಹಜಾರದಲ್ಲೇ ಟೈಪ್ ಆಗತೊಡಗಿತು. ಟೈಪ್ ಮಾಡುವವರು ನಮ್ಮ ಯಜಮಾನರು, ಎರಡೇ ಬೆರಳಿನಲ್ಲಿ. ಆ ಎರಡು ಬೆರಳಿನ ಬಗ್ಗೆ ಅವರಿಗಿರುವ ಅಭಿಮಾನ ನೋಡಿದರೆ ಮಿಕ್ಕ ಎಂಟು ಬೆರಳು ಯಾಕಿವೆ ಅನ್ನಿಸಬೇಕು.

ನಮ್ಮ ಕಡೆ ಬಿಳಿ ಹಾಳೆಯ ಮೇಲೆ ಏನೇ ಬರೆದರೂ ಮೇಲ್ಗಡೆ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಹೆಸರು ಬೀಳಲೇಬೇಕು. ದಿನಸಿ ಚೀಟಿಗೂ ಸರಿ, ದೂರು ಅರ್ಜಿಗೂ ಸರಿ. ಯಜಮಾನರು ಕಂಪ್ಯೂಟರ್‌ಗೆ ಅಂತ ಬೇರೆ ನಿಯಮ ಮಾಡಲಿಲ್ಲ. ಪ್ರತಿ ಸಲವೂ ಮೊದಲ ಸಾಲು ಅದೇ.

ಈಗ ಕಂಪ್ಯೂಟರ್ ಕಡೆಯ ಕಥೆ ಕೇಳಿ. ಹೊಸ ಫೈಲನ್ನು ಸೇವ್ ಮಾಡಲು ಹೋದರೆ ಅದೇ ಒಂದು ಹೆಸರು ಸೂಚಿಸುತ್ತೆ. ಯಾವ ಹೆಸರು? ಮೊದಲ ಸಾಲಿನಲ್ಲಿ ಏನಿದೆಯೋ ಅದು, ಬಾಲಕ್ಕೊಂದು ‘ಡಾಟ್ ಡಾಕ್’. (ನಮ್ಮ ಕನ್ನಡದ ಫಾಂಟು ಫೈಲಿನ ಹೆಸರಿನಲ್ಲಿ ಹುಳು ಹರಿದ ಹಾಗೆ ಕಾಣುತ್ತೆ, ಆ ಮಾತು ಬೇರೆ. ಎಲ್ಲ ಹುಳುವೂ ಒಂದೇ ಥರ ಹರಿದಿರುತ್ತೆ.) ಹಾಗಾಗಿ ಮೊದಲ ಫೈಲಿಗೆ ಮಹದೇಶ್ವರ ಅಂತ ಹೆಸರಾಯಿತು. ಎರಡನೆಯದಕ್ಕೂ ಅದೇ ಹೆಸರು. ಆಗ ಕಂಪ್ಯೂಟರ್ ಪಾಪ, ವಿನಯದಿಂದ ಕೇಳುತ್ತೆ: ಈ ಹೆಸರಿನದು ಆಗಲೇ ಒಂದಿದೆ, ಅದನ್ನು ತೆಗೆದು ಇದನ್ನು ಇಡಲೇ?

“ನೀವೇನಂತ ಒತ್ತಿದ್ರಿ?” ಅಂತ ಯಜಮಾನರನ್ನು ಕೇಳಿದೆ.

“ಯೆಸ್.”

“ಪ್ರತಿ ಸಲಾನೂ?”

“ಮತ್ತಿನ್ನೇನು? ದೇವ್ರ ಎಸ್ರೇಳಿ ಕೇಳ್ತದೆ. ಬ್ಯಾಡ ಅನ್ನಕಾಯ್ತದಾ?”

ನಗಬೇಡಿ. ಒಟ್ಟಿನಲ್ಲಿ ಕಂಪ್ಯೂಟರ್ ಬಂದಾಗಿನಿಂದ ನಮ್ಮವರು ಟೈಪ್ ಮಾಡಿದ ಅಷ್ಟೂ ಕಾಗದ ಒಂದರ ಮೇಲೊಂದು ಬಿದ್ದು ಅಳಿಸಿಹೋಗಿತ್ತು. ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೆ. ತಿಥಿ ಕಾರ್ಡನ್ನು ಯಾರು ಎರಡನೆಯ ಸಲ ಕೇಳುತ್ತಾರೆ?

ಆದರೆ ಈ ಲಗ್ನಪತ್ರಿಕೆಯ ವಿಷಯ ಹಾಗಲ್ಲ. ಇನ್ನೊಂದು ಸಲ ಟೈಪ್ ಮಾಡಿದರೆ ಆಯಿತಲ್ಲ ಅಂತ ನೀವು ಹೇಳಬಹುದು. ಅವತ್ತು ಹಾಗಂದ ನಮ್ಮ ಯಜಮಾನರನ್ನು ಗೌರಿ ನೋಡಿದ ನೋಟ ನೀವು ನೋಡಬೇಕಿತ್ತು.

ಚಿಕ್ಕಮಾವನಿಗೆ ಒಬ್ಬ ಅಣ್ಣ ಇದ್ದಾರೆ. ಹೆಸರು ದೊಡ್ಡಮಾದಪ್ಪ. ಹನೂರಿನಲ್ಲಿ ರಾಗಿ, ಜೋಳದ ವ್ಯಾಪಾರ. ಗೌರಿ ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿ. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳೇ ಮಗಳು. ಜ್ವರ ಬಂದರೆ ಅಂಗಡಿ ಬಾಗಿಲು ಹಾಕಿ ಪಕ್ಕದಲ್ಲಿ ಕೂರುತ್ತಿದ್ದ ದೊಡ್ಡಪ್ಪ ಅವರು. ಆಮೇಲೆ ಧನಗೆರೆಯ ಜಮೀನಿನಲ್ಲಿ ಪಂಪ್‌ಸೆಟ್ ನೀರಿನ ಸರದಿಗೆ ಅಣ್ಣ ತಮ್ಮ ಜಗಳವಾಡಿದರು. ಮಾತು ಬಿಟ್ಟರು. ಎಷ್ಟರಮಟ್ಟಿಗೆ ಅಂದರೆ, ಒಂದೇ ಬಸ್ಸಿನಲ್ಲಿ ಸಿಕ್ಕಿದರೆ ಒಬ್ಬರು ಇಳಿದು ಮುಂದಿನ ಬಸ್ಸಿಗೆ ಕಾಯುವಷ್ಟು.

ಮದುವೆ ಗೊತ್ತಾದ ದಿನವೇ ಗೌರಿ ಒಂದು ಮಾತು ಹೇಳಿದ್ದಳು. “ದೊಡ್ಡಪ್ಪ ಬರ್ದೆ ಇದ್ರೆ ನಾನು ಮಂಟಪಕ್ಕೆ ಕೂರಲ್ಲ.” ಹಟಮಾರಿ ಹುಡುಗಿಯಲ್ಲ ಅವಳು. ಹಾಗಾಗಿಯೇ ಎಲ್ಲರೂ ಹೆದರಿದ್ದು.

ರಾಜಿಗೆ ನಡುವೆ ನಿಂತವಳು ನಾನು. ಹನೂರಿಗೆ ಹೋಗಿ ಬಂದೆ, ಧನಗೆರೆಗೆ ಹೋಗಿ ಬಂದೆ. ಕೊನೆಗೆ ದೊಡ್ಡಮಾವ ಒಂದು ಷರತ್ತಿನ ಮೇಲೆ ಒಪ್ಪಿದರು. ಲಗ್ನಪತ್ರಿಕೆ ಅವರ ಕಣ್ಣ ಮುಂದೆ ಆಗಬೇಕು. ತಮ್ಮ ಆ ಹೊತ್ತಿಗೆ ಅಲ್ಲಿರಕೂಡದು. ಸರಿ, ಬಂದರು. ನಮ್ಮ ಹಜಾರದಲ್ಲಿ ಕಂಪ್ಯೂಟರ್ ಮುಂದೆ ಒಂದು ಮಧ್ಯಾಹ್ನವೆಲ್ಲ ಕೂತು ಒಂದೊಂದು ಸಾಲನ್ನೂ ಹೇಳಿ ಬರೆಸಿದರು. ಯಾರ ಹೆಸರಿನಲ್ಲಿ ವಿಜ್ಞಾಪನೆ, ಯಾರ ಹೆಸರು ಮೇಲೆ, ಯಾರದು ಕೆಳಗೆ, ಎಲ್ಲಿ ‘ಆಶೀರ್ವಾದಗಳೊಂದಿಗೆ’, ಎಲ್ಲಿ ‘ಸುಖಾಗಮನ ಬಯಸುವವರು’. “ನನ್ನೆಸ್ರು ವಸಿ ದಪ್ಪಗಿರ್ಲಿ ಕಣ್ಲಾ ನಾಗ” ಅಂತ ಯಜಮಾನರಿಗೆ ಹೇಳಿ ಅಕ್ಷರದ ದಪ್ಪವನ್ನೂ ಅವರೇ ನಿಗದಿ ಮಾಡಿದರು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಹೊಸಿಲಲ್ಲಿ ತಿರುಗಿ ನಿಂತರು.

“ಇದ್ರಲ್ಲಿ ಒಂದಕ್ಸರ ಅತ್ತಿತ್ತ ಆದ್ರೂ ನಾನು ಬರಾಕಿಲ್ಲ” ಅಂದರು.

ಚಿಕ್ಕಮಾವನಿಗೆ ನನ್ನ ಕಿವಿಗೆ ಬಿದ್ದಷ್ಟನ್ನು ಬಾಯಿಮಾತಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಲೂ ಇಲ್ಲ. “ಅವ ಏನಂದ್ನೋ ಅಂಗೇ ಆಗ್ಲಿ, ಗೌರಿ ಮಂಟಪಕ್ಕೆ ಕೂತ್ರೆ ಸಾಕು” ಅಂದರು. ಅಲ್ಲಿಗೆ ಶಾಂತಿ ಒಪ್ಪಂದ ಮುಗಿಯಿತು. ಅದು ಕಂಪ್ಯೂಟರ್‌ನಲ್ಲಿ ಭದ್ರವಾಗಿತ್ತು. ಅದರ ಮಾರನೆಯ ದಿನ ನಮ್ಮವರು ಬೀದಿಯವರ ಮಾತಿಗೆ ಕಟ್ಟುಬಿದ್ದು ನಲ್ಲಿ ನೀರಿನ ಅರ್ಜಿ ಟೈಪ್ ಮಾಡಿದರು. ಮೊದಲ ಸಾಲಿನಲ್ಲಿ ಏನು ಬರೆದರು ಅಂತ ನಾನು ಹೇಳಬೇಕಾಗಿಲ್ಲ.

ಭಾನುವಾರ ಮಧ್ಯಾಹ್ನದವರೆಗೂ ಹುಡುಕಿದೆ. ಕಸದ ಬುಟ್ಟಿ ಸುರಿದು ನೋಡಿದೆ. (ಕಂಪ್ಯೂಟರ್ ಒಳಗಿನದು.) ಡೆಸ್ಕ್‌ಟಾಪ್ ನೋಡಿದೆ. ‘ಮೈ ಡಾಕ್ಯುಮೆಂಟ್ಸ್’ ನೋಡಿದೆ. ಅಲ್ಲಿ ನನ್ನ ಅಂಕಣಗಳ ಫೋಲ್ಡರ್ ಒಂದು ಕಡೆ, ಅದರೊಳಗೆ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ತಿಂಗಳಿಗೊಂದು. ನಮ್ಮಜ್ಜಿಯ ಅಡಕಲು ಮಡಕೆಗಳ ಥರ ಒಂದರ ಮೇಲೊಂದು ಜೋಡಿಸಿಟ್ಟದ್ದು. ಅಜ್ಜಿಗೆ ಮೂರನೆಯ ಮಡಕೆಯಲ್ಲಿ ಹುರುಳಿ, ನಾಲ್ಕನೆಯದರಲ್ಲಿ ಅಲಸಂದೆ ಅಂತ ಕತ್ತಲಲ್ಲೂ ಗೊತ್ತಿರುತ್ತಿತ್ತು. ನನಗೂ ಹಾಗೆಯೇ ಗೊತ್ತಿರುತ್ತೆ. ಪಕ್ಕದಲ್ಲಿ ನಮ್ಮ ಯಜಮಾನರ ಇಡೀ ಸಂಪತ್ತು: ಒಂದೇ ಒಂದು ಫೈಲು.

ಇಲ್ಲಿ ನಾನೊಂದು ಮಾತು ಹೇಳಲೇಬೇಕು. ನಮ್ಮ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಮಾದೇವ’ ಅಂತ ಕೂಗಿ ನೋಡಿ. ಅರ್ಧ ಬಸ್‌ಸ್ಟ್ಯಾಂಡು ತಿರುಗುತ್ತೆ. ಹಾಗಂತ ನಾವು ಒಬ್ಬ ಮಾದೇವನ ಬದಲು ಇನ್ನೊಬ್ಬ ಮಾದೇವನಿಗೆ ಹೆಣ್ಣು ಕೊಟ್ಟಿದ್ದೇವೆಯೇ? ಸೈಕಲ್ ಶಾಪ್ ಮಾದೇವ, ಉದ್ದನೆ ಮಾದೇವ, ಬೂದಗುಂಬಳ ಮಾದೇವ, ಮಧ್ಯದ ಮನೆ ಮಾದೇವ. ಹೆಸರು ಒಂದೇ ಆದರೆ ಜೊತೆಗೆ ಊರನ್ನೋ ಕಸುಬನ್ನೋ ಅಂಟಿಸುತ್ತೇವೆ. ಈ ವಿದ್ಯೆಯನ್ನು ನಮಗೆ ಯಾರೂ ಕಂಪ್ಯೂಟರ್ ಕ್ಲಾಸಿನಲ್ಲಿ ಹೇಳಿಕೊಟ್ಟಿಲ್ಲ. ಹುಟ್ಟುತ್ತಲೇ ಬಂದದ್ದು. ಅಂಥ ನಾವು ಮೌಸ್ ಹಿಡಿದ ಕೂಡಲೇ ಅದನ್ನು ಯಾಕೆ ಮರೆಯುತ್ತೇವೆ? ಯಂತ್ರ ಸೂಚಿಸಿದ ಹೆಸರೇ ಸರಿಯಾದ ಹೆಸರು ಅಂತ ಯಾಕೆ ತಲೆ ಆಡಿಸುತ್ತೇವೆ?

ಅವತ್ತೇ ನಮ್ಮ ಮನೆಯಲ್ಲಿ ಕಾನೂನು ಮಾಡಿದೆ. ದೇವರು ಕಾಗದದ ಒಳಗಿರಲಿ. ಬಾಗಿಲ ಮೇಲೆ ಮನುಷ್ಯರ ಹೆಸರು, ಊರು, ಕಾರಣ ಇರಲಿ. ಯಜಮಾನರು ತಕ್ಷಣ ಒಪ್ಪಿದರು. ಅವತ್ತು ಅವರು ಯಾವುದಕ್ಕೂ ಇಲ್ಲ ಅನ್ನುವ ಸ್ಥಿತಿಯಲ್ಲಿರಲಿಲ್ಲ.

ಆದರೆ ಕಾನೂನಿನಿಂದ ಲಗ್ನಪತ್ರಿಕೆ ವಾಪಸ್ ಬರುತ್ತದೆಯೇ? ನೆನಪಿದ್ದಷ್ಟು ಬರೆಯೋಣ ಅಂತ ಯಜಮಾನರೂ ನಾನೂ ಕೂತೆವು. ವಿಜ್ಞಾಪನೆ ದೊಡ್ಡಮಾವನದು, ಅದು ಗಟ್ಟಿ. ಅದರ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಇಬ್ಬರಿಗೂ ಎರಡು ನೆನಪು. ಒಂದಕ್ಷರ ಅತ್ತಿತ್ತ ಆದರೆ ಬರುವುದಿಲ್ಲ ಅಂದವರ ಮುಂದೆ ಇಂಥ ಅಂದಾಜಿನ ವ್ಯವಹಾರ ನಡೆಯುತ್ತದೆಯೇ?

ಗೌರಿ ಎದ್ದು ಹೋಗಿ ಫೋನ್ ಕೈಗೆತ್ತಿಕೊಂಡಳು. ಹನೂರಿನ ಅಂಗಡಿಯ ನಂಬರು ಅವಳಿಗೆ ಬಾಯಿಪಾಠ.

“ದೊಡ್ಡಪ್ಪ, ನಾನು ಗೌರಿ. ಲಗ್ನಪತ್ರ್ಕೆ ಅಳಿಸೋಗದೆ. ಯಾರೂ ಬೇಕೂಂತ ಮಾಡಿಲ್ಲ. ನೀನು ಇನ್ನೊಂದ್ಸಲ ಬಂದು ಬರಿಸ್ಬೇಕು. ಅಪ್ಪನೂ ಇರ್ತದೆ. ಈ ಸಲ ಇಬ್ರೂ ಇರಿ.” ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, “ಇಲ್ದಿದ್ರೆ ಬರೀ ಮಾದಪ್ಪನ ಎಸ್ರಾಕಿ ಪ್ರಿಂಟ್ ಮಾಡಿಸ್ತೀನಿ. ಯಾರ ಮದ್ವೆ ಅಂತ ಜನವೇ ಕಂಡ್ಕಳ್ಳಿ” ಅಂದಳು.

ಆ ಕಡೆಯಿಂದ ಏನಂದರೋ ನಮಗೆ ಕೇಳಲಿಲ್ಲ. ಫೋನ್ ಇಟ್ಟು, “ನಾಳಿಕ್ಕೆ ಬತ್ತಾರಂತೆ” ಅಂದಳು. ಇಷ್ಟು ದಿನ ಹೆಣೆದದ್ದೆಲ್ಲ ಬಿಚ್ಚಿಹೋಯಿತು ಅಂತಲೇ ಅಂದುಕೊಂಡೆ.

ಸೋಮವಾರ ದೊಡ್ಡಮಾವ ಬಂದರು. ಬಾಗಿಲಲ್ಲೇ ತಮ್ಮನನ್ನು ನೋಡಿದರು, ನೋಡದ ಹಾಗೆ ಮಾಡಿದರು. ಒಳಗೆ ಬಂದು ಕಂಪ್ಯೂಟರ್ ಮುಂದಿನ ಅದೇ ಕುರ್ಚಿಯಲ್ಲಿ ಕೂತರು. ಚಿಕ್ಕಮಾವ ಗೋಡೆ ಪಕ್ಕದ ಚಾಪೆಯಲ್ಲಿ. ನಾನು ಕಾಫಿ ತಂದೆ. ಇಬ್ಬರೂ ಲೋಟ ಹಿಡಿದು ಎರಡು ದಿಕ್ಕು ನೋಡುತ್ತಾ ಕುಡಿದರು.

“ಏನಾಗಿ ಅಳಿಸ್ತು?” ಅಂತ ದೊಡ್ಡಮಾವ ನನ್ನ ಕೇಳಿದರು.

“ಅದರ ಮೇಲೆ ನಲ್ಲಿ ನೀರಿನ ಅರ್ಜಿ ಕೂತ್ಬಿಡ್ತು ಮಾವ” ಅಂದೆ.

ಅವರು ಲೋಟ ಕೆಳಗಿಟ್ಟರು. ಆಮೇಲೆ ಯಾರನ್ನೂ ನೋಡದೆ, “ನೀರಿಂದ್ಲೇ ಕೆಟ್ಟಿದ್ದು. ನೀರಿಂದ್ಲೇ ಅಳಿಸ್ತು ಬುಡು” ಅಂದರು. ಚಾಪೆಯ ಕಡೆಯಿಂದ ಸಣ್ಣಗೆ ಒಂದು ಕೆಮ್ಮು ಕೇಳಿತು. ನಗು ನುಂಗಿದ ಕೆಮ್ಮು ಅಂತ ಹೆಂಗಸರಾದ ನಮಗೆ ಗೊತ್ತಾಗದೇ ಇರುತ್ತದೆಯೇ?

ಯಜಮಾನರು ಕೀಬೋರ್ಡಿನ ಮೇಲೆ ಎರಡು ಬೆರಳು ಇಟ್ಟರು. ಮೊದಲು ಮಾದಪ್ಪನ ಸಾಲು. ಅದು ಬಿತ್ತು.

“ಹೇಳಿ ಮಾವ.”

ದೊಡ್ಡಮಾವ ಬಾಯಿ ತೆರೆದರು. ಮುಚ್ಚಿದರು. ಹಣೆ ತೀಡಿಕೊಂಡರು. “ನಮ್ಮಪ್ಪನ ಎಸ್ರು ಮೊದ್ಲು...” ಅಂದರು. ಮತ್ತೆ ನಿಂತರು. ಒಂದಕ್ಷರ ಆಚೀಚೆ ಆಗಕೂಡದು ಅಂದವರಿಗೆ ಎರಡನೆಯ ಸಾಲೇ ನೆನಪಿಲ್ಲ! ಸ್ಕ್ರೀನಿನಲ್ಲಿ ಕಡ್ಡಿ ಮಿಣುಕುತ್ತಾ ಕಾಯುತ್ತಿತ್ತು. ದೊಡ್ಡಮಾವ ನಿಧಾನಕ್ಕೆ ಕುರ್ಚಿ ತಿರುಗಿಸಿದರು.

“ಲೇ ಚಿಕ್ಕ, ಅಪ್ಪನ ಎಸ್ರಿನ ಮುಂದೆ ಪಟೇಲ್ರು ಅಂತ ಆಕ್ಬೇಕಾ, ಬ್ಯಾಡ್ವಾ?”

ಎಷ್ಟೋ ವರ್ಷದ ಮೇಲಿನ ಮೊದಲ ಮಾತು ಇದು. ಚಿಕ್ಕಮಾವ ಚಾಪೆಯಿಂದ ಎದ್ದರು.

“ಆಕ್ಬೇಕು ಕಣಣ್ಣ. ಅಪ್ಪ ಪಟೇಲಿಕೆ ಮಾಡಿಲ್ವಾ” ಅಂದರು. ಗೌರಿ ಅಡುಗೆಮನೆಗೆ ಹೋಗಿಬಿಟ್ಟಳು.

ಆಮೇಲೆ ನಡೆದದ್ದು ಜಗಳವೇ. ಆದರೆ ತಿರುವುಮುರುವು ಜಗಳ. ವಿಜ್ಞಾಪನೆ ನಿನ್ನದೇ ಇರಲಿ, ಮಗಳು ನಿನ್ನದು ಅಂತ ಅಣ್ಣ. ಮನೆಗೆ ಹಿರಿಯ ನೀನು, ನಿನ್ನದೇ ಇರಲಿ ಅಂತ ತಮ್ಮ. ನಮ್ಮ ಯಜಮಾನರು ಬರೆಯುವುದು, ಅಳಿಸುವುದು, ಬರೆಯುವುದು. ಕೊನೆಗೆ ನನಗೆ ತಾಳ್ಮೆ ಕೆಟ್ಟು, “ಇಬ್ಬರದ್ದೂ ಒಂದೇ ಸಾಲಲ್ಲಿ ಹಾಕಿ” ಅಂದೆ. ಹಾಕಿದರು. ಸಾಲಿನಲ್ಲಿ ಹಿಡಿಸಲಿಲ್ಲ, ಚಿಕ್ಕಮಾವನ ಹೆಸರಿನ ಬಾಲ ಕೆಳಗಿಳಿಯಿತು.

“ಅಕ್ಷರ ಸಣ್ಣ ಮಾಡಿದ್ರೆ ಹಿಡಿಸ್ತದೆ ಮಾವ” ಅಂದರು ಯಜಮಾನರು, ಹೆದರುತ್ತಲೇ.

“ಸಣ್ಣ ಆದ್ರೆ ಆಗ್ಲಿ ಬುಡ್ಲಾ. ಕಣ್ಣಿರೋರು ಓದ್ಕತಾರೆ” ಅಂದರು ದೊಡ್ಡಮಾವ.

ಈ ಸಲ ಸೇವ್ ಮಾಡಿದ್ದು ನಾನು. ಇಂಗ್ಲಿಷ್ ಅಕ್ಷರದಲ್ಲಿ ‘ಗೌರಿ ಲಗ್ನ ಯಳಂದೂರು’ ಅಂತ ಹೆಸರಿಟ್ಟೆ. ‘ಧನಗೆರೆ’ ಅಂತ ಒಂದು ಫೋಲ್ಡರ್ ಮಾಡಿ ಅದರೊಳಗಿಟ್ಟೆ. ಪ್ರೆಸ್ಸಿಗೆ ಅಣ್ಣ ತಮ್ಮ ಒಟ್ಟಿಗೇ ಹೋದರು. ಗುರುವಾರ ಪತ್ರಿಕೆ ಅಚ್ಚಾಗಿ ಬಂತು. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ್ದಾಯಿತು. “ಹನೂರ್ ಕಡೆಗೆ ನಾನೇ ಅಂಚ್ತೀನಿ” ಅಂತ ದೊಡ್ಡಮಾವ ಒಂದು ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಸ್ವಭಾವ ನಿಮಗೆ ಗೊತ್ತು. ಒಂದು ಮೂಲೆ ಗುಡಿಸಲು ಶುರು ಮಾಡಿದರೆ ಇಡೀ ಮನೆ ಗುಡಿಸಬೇಕು. ಇವತ್ತು ಬೆಳಿಗ್ಗೆ ಬಿಸ್ಕತ್ ಡಬ್ಬದಲ್ಲಿದ್ದ ಫ್ಲಾಪಿಗಳನ್ನೆಲ್ಲ ಹರವಿಕೊಂಡು ಕೂತೆ. ಒಂದೊಂದನ್ನೇ ಕಂಪ್ಯೂಟರ್‌ಗೆ ಹಾಕಿ, ಒಳಗೆ ಏನಿದೆ ನೋಡಿ, ಚೀಟಿ ಅಂಟಿಸುವುದು. ಅದರಲ್ಲಿ ಚೀಟಿಯಿಲ್ಲದ ಒಂದು ಫ್ಲಾಪಿ. ಕಿರ್ರ್ ಕಿರ್ರ್ ಅಂತ ತಿರುಗಿ ಒಂದೇ ಫೈಲ್ ತೋರಿಸಿತು. ಹುಳು ಹರಿದ ಹೆಸರು.

ತೆರೆದರೆ, ಹಳೆಯ ಲಗ್ನಪತ್ರಿಕೆ.

ಯಜಮಾನರನ್ನು ಕೇಳಿದೆ. ಅವರು ತಲೆ ಕೆರೆದುಕೊಂಡರು. “ಹೂಂ, ಅವತ್ತು ದೊಡ್ಡಮಾವ ಒಂಟೋದ್ಮೇಲೆ ಫ್ಲಾಪಿಗೆ ಆಕೋದು ಎಂಗೆ ಅಂತ ಕಲಿಯಾಕೆ ಅದ್ನೇ ಆಕಿ ನೋಡಿದ್ದೆ. ಮರ್ತೇ ಓಗಿತ್ತು” ಅಂದರು. ಭಾನುವಾರ ಇಡೀ ನಾನು ಒದ್ದಾಡುವಾಗ ಇದು ಡಬ್ಬದಲ್ಲಿ ತಣ್ಣಗೆ ಕೂತಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಓದಿದೆ.

ಮೊದಲ ಸಲ ಪೂರ್ತಿ ಓದಿದೆ. ಅಲ್ಲಿ ದೊಡ್ಡಮಾದಪ್ಪನವರ ಹೆಸರು ಕಪ್ಪಗೆ, ದಪ್ಪಗೆ, ಮೇಲೆ ಒಬ್ಬರದೇ ಸಾಲಿನಲ್ಲಿ. ಹೆತ್ತ ಅಪ್ಪನ ಹೆಸರು ಎಲ್ಲೋ ಕೆಳಗೆ, ಸುಖಾಗಮನ ಬಯಸುವವರ ಗುಂಪಿನಲ್ಲಿ, ನಮ್ಮ ಯಜಮಾನರ ಹೆಸರಿಗಿಂತಲೂ ಕೆಳಗೆ. ಸಿಟ್ಟಿನಲ್ಲಿ ಬರೆಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತೆ. ಇದು ಅಚ್ಚಾಗಿ ಊರೂರಿಗೆ ಹಂಚಿಹೋಗಿದ್ದರೆ? ದೊಡ್ಡಪ್ಪ ಮದುವೆಗೆ ಬರುತ್ತಿದ್ದರು, ಖಂಡಿತ. ಬಂದು ಒಂದು ಕಂಬದ ಪಕ್ಕ, ತಮ್ಮ ಇನ್ನೊಂದು ಕಂಬದ ಪಕ್ಕ. ನಾನು ಅಷ್ಟು ಓಡಾಡಿ ಮಾಡಿಸಿದ ರಾಜಿ ಇಷ್ಟೇ ಆಗಿತ್ತು.

ನಾನು ಏನನ್ನೂ ಎಸೆಯುವವಳಲ್ಲ. ಬರೆದದ್ದೆಲ್ಲ ಉಳಿಯಬೇಕು, ಎಲ್ಲದಕ್ಕೂ ಒಂದು ಜಾಗ ಇರಬೇಕು ಅನ್ನುವುದು ನನ್ನ ಧರ್ಮ. ಅದಕ್ಕೇ ಇಷ್ಟು ಫೋಲ್ಡರ್‌ಗಳು. ಈ ಫೈಲನ್ನು ಯಾವ ಫೋಲ್ಡರಿಗೆ ಹಾಕಲಿ? ಧನಗೆರೆಗೋ, ಹನೂರಿಗೋ? ಎಲ್ಲಿಟ್ಟರೂ ಒಂದು ದಿನ ಯಾರಾದರೂ ತೆರೆದು ಓದುತ್ತಾರೆ. (ಗೌರಿಗೆ ಎಲ್ಲ ಹೇಳಿ, ಅವಳು ಹೂಂ ಅಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ದೊಡ್ಡಮಾವನ ಭಯವಿಲ್ಲ. ಅವರು ಪೇಪರಿನಲ್ಲಿ ನನ್ನ ಅಂಕಣ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಓದುತ್ತಾರೆ.)

ಫೈಲಿನ ಮೇಲೆ ಮೌಸ್ ಇಟ್ಟು ಡಿಲೀಟ್ ಒತ್ತಿದೆ. ಕಂಪ್ಯೂಟರ್ ತನ್ನ ಮಾಮೂಲಿ ವಿನಯದಿಂದ ಪೆಟ್ಟಿಗೆ ಎತ್ತಿ ತೋರಿಸಿ, ಅದೇ ಹುಳುವಿನ ಅಕ್ಷರದಲ್ಲಿ ಕೇಳಿತು: ‘ಶ್ರೀ ಮಲೆ ಮಹದೇಶ್ವರ ಪ್ರಸನ್ನ’ವನ್ನು ಖಂಡಿತಾ ಅಳಿಸಲೇ?

ದೇವರ ಹೆಸರು ಹೇಳಿ ಕೇಳುತ್ತಿದೆ, ಬೇಡ ಅನ್ನಲಿಕ್ಕೆ ಆಗುತ್ತದೆಯೇ?